ರಿಲೇ ಟಕ್ ಅಂದರೆ ಸಾಲದು

ಗಾಡಿಯ ಫ್ಯಾನೋ ಹಾರ್ನೋ ಓಡದಿದ್ದರೆ ರಿಲೇ, ಅಂದರೆ ಸ್ವಲ್ಪ ಕರೆಂಟಿನಿಂದ ಜಾಸ್ತಿ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಡಬ್ಬಿ, ಅದರ ಮೇಲೆ ಬೆರಳಿಟ್ಟು ಸ್ವಿಚ್ ಹಾಕುತ್ತಾರೆ, ‘ಟಕ್’ ಅನ್ನುತ್ತದೆ, ಸರಿ ರಿಲೇ ಚೆನ್ನಾಗಿದೆ ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಮೋಟಾರು ಬಿಚ್ಚಿ, ವೈರೆಲ್ಲ ಹುಡುಕಿ ಸಾಕಾಗಿ ಗಾಡಿ ನಮ್ಮ ಹತ್ತಿರ ಬಂದಾಗ ನೋಡಿದರೆ, ಎಷ್ಟೋ ಸಲ ತೊಂದರೆ ಆ ಟಕ್ ಅಂದ ರಿಲೇಯಲ್ಲೇ ಇರುತ್ತದೆ.

ಒಳಗೆ ಇರುವುದು ಎರಡು ಬೇರೆ ಬೇರೆ ಸರ್ಕ್ಯೂಟ್. 85 ಮತ್ತು 86ನೇ ಪಿನ್ ನಡುವೆ ಕಾಯಿಲ್, ಅಂದರೆ ತಂತಿ ಸುರುಳಿ. ಅದಕ್ಕೆ ಸ್ವಲ್ಪ ಕರೆಂಟ್ ಸಿಕ್ಕರೆ ಸಾಕು, ಲೋಹದ ಪಟ್ಟಿಯನ್ನು ಎಳೆದು 30 ಮತ್ತು 87ನೇ ಪಿನ್ನನ್ನು ಕೂಡಿಸುತ್ತದೆ, ಫ್ಯಾನಿಗೋ ಹಾರ್ನಿಗೋ ಹೋಗುವ ಜಾಸ್ತಿ ಕರೆಂಟ್ ಆ ದಾರಿಯಲ್ಲಿ ಹರಿಯುತ್ತದೆ. ಟಕ್ ಅಂದರೆ ಪಟ್ಟಿ ಅಲುಗಿತು, ಅಷ್ಟೇ. ಅವು ಕೂಡುವ ಜಾಗ, ಅಂದರೆ ಕಾಂಟ್ಯಾಕ್ಟ್, ಸುಟ್ಟು ಕಪ್ಪಾಗಿದ್ದರೂ ಸದ್ದು ಬರುತ್ತದೆ.

ಮೊದಲು ಅದೇ ಗಾಡಿಯ ಅಂಥದ್ದೇ ಇನ್ನೊಂದು ರಿಲೇ ಹಾಕಿ ನೋಡಿ. ಪಿನ್ ಕೂತರೆ ಸಾಲದು. ವೋಲ್ಟ್, ಆಂಪಿಯರ್, ಮೈಮೇಲಿನ ಸರ್ಕ್ಯೂಟ್ ಚಿತ್ರ ಎಲ್ಲ ಒಂದೇ ಇರಬೇಕು, ಯಾಕೆಂದರೆ ಕೆಲವದರಲ್ಲಿ 30 ಮತ್ತು 86 ಜಾಗ ಅದಲುಬದಲಾಗಿರುತ್ತದೆ, ಕೆಲವದರ ಕಾಯಿಲ್‌ಗೆ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಭಾಗ) ಇರುತ್ತದೆ, ಅದಕ್ಕೆ ಪ್ಲಸ್ ಮೈನಸ್ ತಿರುವುಮುರುವಾದರೆ ಕೆಡುತ್ತದೆ.

ಕಾಯಿಲ್ ಪರೀಕ್ಷೆ ಸುಲಭ. ರಿಲೇ ಕಿತ್ತು 85, 86ಕ್ಕೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಹಿಡಿಯಿರಿ. 12 ವೋಲ್ಟಿನ ಸಾಮಾನ್ಯ ರಿಲೇಯಲ್ಲಿ 50ರಿಂದ 120 ಓಮ್ ಒಳಗೆ ಬರುತ್ತದೆ. ಓಮ್ ಏನೂ ಬಾರದೆ ‘OL’ ಅಂತ ತೋರಿಸಿದರೆ ಕಾಯಿಲ್ ಕಟ್ಟಾಗಿದೆ.

ಕಾಂಟ್ಯಾಕ್ಟನ್ನು ಮಾತ್ರ ಓಮ್‌ನಲ್ಲಿ ನೋಡಿ ಸುಮ್ನೆ ನಂಬಬೇಡಿ. ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ, ಸುಟ್ಟ ಕಾಂಟ್ಯಾಕ್ಟ್ ಕೂಡ ಅದಕ್ಕೆ ದಾರಿ ಬಿಡುತ್ತದೆ. ರಿಲೇಯನ್ನು ಸಾಕೆಟ್‌ನಲ್ಲಿ ಕೂರಿಸಿ, ಪಿನ್ ಬುಡಕ್ಕೆ ಮೀಟರಿನ ಪ್ರೋಬ್ (ಕಡ್ಡಿ) ತಾಗುವಷ್ಟು ಮಾತ್ರ ಮೇಲೆತ್ತಿ, ಫ್ಯಾನ್ ಓಡಿಸಿ, 30 ಮತ್ತು 87ರ ನಡುವೆ ಡಿಸಿ ವೋಲ್ಟ್ ನೋಡಿ. ಪ್ರೋಬ್ ತುದಿ ಪಕ್ಕದ ಪಿನ್ನಿಗೆ ತಾಗದಂತೆ ಹುಷಾರು. ಒಳ್ಳೆಯ ರಿಲೇಯಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. 1 ವೋಲ್ಟ್ ಬಂತು ಅನ್ನಿ, ಫ್ಯಾನ್ 20 ಆಂಪಿಯರ್ ಎಳೆಯುತ್ತಿದ್ದರೆ 20 ವ್ಯಾಟ್ ಶಾಖ ಆ ಪುಟ್ಟ ಡಬ್ಬಿಯಲ್ಲೇ ಹುಟ್ಟುತ್ತಿದೆ. ಕೈಯಿಟ್ಟರೆ ಸುಡುತ್ತದೆ. ಪೂರ್ತಿ 12 ವೋಲ್ಟ್ ತೋರಿಸಿದರೆ ಕಾಂಟ್ಯಾಕ್ಟ್ ಕೂಡುತ್ತಲೇ ಇಲ್ಲ, ಆಗ ಕಾಯಿಲ್‌ಗೆ ಸಪ್ಲೈ ಮತ್ತು ಅರ್ತ್ ಬರುತ್ತಿದೆಯಾ ನೋಡಿ.

ಬದಲಾಯಿಸುವಾಗ ಇಗ್ನಿಷನ್ ಆಫ್ ಮಾಡಿ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಹೊಸದು ಹಾಕುವ ಮೊದಲು ಸಾಕೆಟ್ ಒಳಗೆ ಟಾರ್ಚ್ ಬಿಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಟರ್ಮಿನಲ್ ಸಡಿಲವಾಗಿದ್ದರೆ ಹೊಸ ರಿಲೇಯೂ ಹಾಗೇ ಸುಡುತ್ತದೆ, ಆ ಟರ್ಮಿನಲ್ ಬದಲಿಸಲೇಬೇಕು. ಬೇರಿಂಗ್ ಬಿಗಿಯಾದ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತಿದೆಯಾ ಅಂತಲೂ ಅಳೆಯಿರಿ. ರಿಲೇ ಪದೇಪದೇ ಹೋಗುತ್ತದೆ ಅಂತ ದೊಡ್ಡ ಫ್ಯೂಸ್ ಹಾಕುವವರಿದ್ದಾರೆ, ದಯವಿಟ್ಟು ಬೇಡ, ಆಮೇಲೆ ಸುಡುವುದು ವೈರು.

ಕೆಲವು ಸಲ ಕಾಂಟ್ಯಾಕ್ಟ್ ಅಂಟಿಕೊಂಡು ಹಾರ್ನೋ ಪಂಪೋ ನಿಲ್ಲುವುದೇ ಇಲ್ಲ. ತಟ್ಟಿದರೆ ಬಿಡುತ್ತದೆ, ನಿಜ. ಆದರೆ ಮತ್ತೆ ಅಂಟಿದರೆ ರಾತ್ರಿಯಲ್ಲಿ ಬ್ಯಾಟರಿ ಖಾಲಿ, ಹಾಗಾಗಿ ಅದನ್ನು ಅವತ್ತೇ ಬದಲಾಯಿಸಿ.