ಕಾಲು ಮಾತ್ರೆಯ ಲೆಕ್ಕ

“ಡಾಕ್ಟ್ರೇ, ಇದು ಯಾರ ಕಡೆಯಿಂದ ಬಂತು?”

ಮಗುವಿಗೆ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾದ ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದು ಹೆಚ್ಚಾಗಿ ಅಜ್ಜಿ. ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ಕೂತಿರುತ್ತಾರೆ. ಬೆಂಗಳೂರಿನಲ್ಲಿ ಇಷ್ಟು ವರ್ಷ ಇಂಥ ಮಕ್ಕಳನ್ನೇ ನೋಡುತ್ತಿದ್ದರೂ ಆ ತಗ್ಗಿದ ತಲೆ ಕಂಡರೆ ನನಗೆ ಈಗಲೂ ಸಂಕಟ ಆಗುತ್ತದೆ. ಹಾಗಾಗಿ ಔಷಧಿಯ ಮಾತಿಗಿಂತ ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಮಕ್ಕಳಲ್ಲಿ ಈ ಕಾಯಿಲೆ ಯಾರ ಕಡೆಯಿಂದಲೂ ಬಂದಿದ್ದಲ್ಲ.

ಜೀನ್ ಅಂದ ತಕ್ಷಣ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಒಂದು, ಕ್ಯಾನ್ಸರ್ ಕಣದೊಳಗೆ ಆಗಿರುವ ಬದಲಾವಣೆ. ಅದು ಮೂಳೆಮಜ್ಜೆಯ ಯಾವುದೋ ಒಂದು ಕಣದಲ್ಲಿ ಹುಟ್ಟಿ, ಅದರಿಂದ ಒಡೆದ ಕಣಗಳಿಗೆ ಮಾತ್ರ ಹೋಗುತ್ತದೆ. ಇನ್ನೊಂದು, ಮಗು ಹುಟ್ಟುವಾಗಲೇ ಅಪ್ಪ ಅಮ್ಮನಿಂದ ಪಡೆದದ್ದು. ಅದು ಮೈಯೆಲ್ಲ ಇರುತ್ತದೆ. ಮಗು ಉಳಿಯುವ ವಿಚಾರದಲ್ಲಿ ಎರಡಕ್ಕೂ ಪಾತ್ರ ಇದೆ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗಿ ಆಗುವ ‘ಫಿಲಡೆಲ್ಫಿಯಾ ಕ್ರೋಮೋಸೋಮ್’ ಕಣ್ಣಿಗೆ ಬಿದ್ದದ್ದು 1960ರಲ್ಲಿ. ರಿಪೋರ್ಟಿನಲ್ಲಿ ಅದು ಕಂಡರೆ ಒಂದು ಕಾಲದಲ್ಲಿ ವೈದ್ಯರ ಕೈಯೇ ಸೋತುಹೋಗುತ್ತಿತ್ತು. 2001ರಲ್ಲಿ ಇಮಾಟಿನಿಬ್ ಮಾತ್ರೆ ಬಳಕೆಗೆ ಬಂತು. ಅದನ್ನು ಕೀಮೋ ಜೊತೆ ಕೊಡಲು ಶುರು ಮಾಡಿದ ಮೇಲೆ ಇಂಥ ಮಕ್ಕಳೂ ಉಳಿಯತೊಡಗಿದರು. ಕೆಟ್ಟ ಜೀನ್ ಅಂದರೆ ಹಣೆಬರಹ ಅಲ್ಲ ಅಂತ ನಾನು ಧೈರ್ಯವಾಗಿ ಹೇಳುವುದು ಇದನ್ನು ಕಂಡೇ.

ಎರಡನೆಯದರ ಬಗ್ಗೆ ಮಾತು ಕಡಿಮೆ. ನನಗೆ ಅದೇ ಚಿಂತೆ.

ಒಬ್ಬ ಹುಡುಗ ಇದ್ದ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕೋಲಾರದ ಕಡೆಯವನು. ಇಂಜೆಕ್ಷನ್‌ಗಳ ಕಷ್ಟದ ತಿಂಗಳುಗಳನ್ನು ಚೆನ್ನಾಗಿಯೇ ದಾಟಿದ್ದ. ತಲೆಯಲ್ಲಿ ಮೃದುವಾಗಿ ಹೊಸ ಕೂದಲು ಬಂದಿತ್ತು. ಇನ್ನು ಸುಮಾರು ಎರಡು ವರ್ಷದ ಮೆಂಟೇನೆನ್ಸ್, ಅಂದರೆ ಕಾಯಿಲೆ ಮರಳದ ಹಾಗೆ ಕೊಡುವ ಚಿಕಿತ್ಸೆ. ಮನೆಯಲ್ಲೇ ಪ್ರತಿ ರಾತ್ರಿ 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಅನ್ನುವ ಕೀಮೋ ಮಾತ್ರೆ. ಅಪ್ಪ ಅಮ್ಮ ನಿಟ್ಟುಸಿರು ಬಿಟ್ಟಿದ್ದರು. ಮೂರು ವಾರಕ್ಕೆ ವಾಪಸ್ ಬಂದಾಗ ಹುಡುಗನಿಗೆ ಜ್ವರ, ಬಾಯಿ ತುಂಬ ಹುಣ್ಣು. ಹೊಸ ಕೂದಲೆಲ್ಲ ದಿಂಬಿನ ಮೇಲೆ ಉದುರಿತ್ತು. ಸೋಂಕು ತಡೆಯುವ ಬಿಳಿ ಕಣಗಳ ಕೌಂಟ್ ಸಾವಿರದ ಮೇಲೆ ಇರಬೇಕಾದದ್ದು ನೂರಕ್ಕೆ ಇಳಿದಿತ್ತು. ಮಾತ್ರೆ ನಿಲ್ಲಿಸಿದೆವು, ಕೌಂಟ್ ಏರಿತು. ಮತ್ತೆ ಕೊಟ್ಟೆವು, ಮತ್ತೆ ಬಿತ್ತು. ಆಗ ಜೀನ್ ಪರೀಕ್ಷೆಗೆ ಕಳಿಸಿದೆ. ಶುರುವಿನಲ್ಲೇ ಕಳಿಸಬೇಕಿತ್ತು. ಆ ಮಗುವಿನ ಬಾಯಿಹುಣ್ಣು ನನಗೆ ಇವತ್ತಿಗೂ ಮರೆತಿಲ್ಲ.

ರಿಪೋರ್ಟ್ ಹೇಳಿದ್ದು ಎನ್‌ಯುಡಿಟಿ15 ಅನ್ನುವ ಜೀನಿನ ಬಗ್ಗೆ. 6-ಎಂಪಿ ಹಳೆಯ ಔಷಧಿ, 1953ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮಾತ್ರೆ ನೇರವಾಗಿ ಕೆಲಸ ಮಾಡುವುದಿಲ್ಲ. ಕಣದೊಳಗೆ ಹೋಗಿ ರೂಪ ಬದಲಿಸಿಕೊಂಡು ಡಿಎನ್‌ಎ ಒಳಗೆ ಸೇರಿದಾಗಲೇ ಕಣ ಸಾಯುವುದು. ಎನ್‌ಯುಡಿಟಿ15 ಇದಕ್ಕೆ ಕಡಿವಾಣ. ಔಷಧಿಯ ಆ ಚುರುಕು ರೂಪವನ್ನು ಅಷ್ಟಷ್ಟೇ ಮೊಂಡು ಮಾಡುತ್ತಿರುತ್ತದೆ. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕಡಿವಾಣ ಸಡಿಲ. ಆಗ ಎಲ್ಲರಿಗೂ ಸರಿಹೋಗುವ ಡೋಸ್ ಈ ಮಗುವಿಗೆ ಹಲವು ಪಟ್ಟು ಜಾಸ್ತಿ ಆಗಿಬಿಡುತ್ತದೆ.

ಪಶ್ಚಿಮದ ವೈದ್ಯರು ಬಹಳ ಕಾಲ ನೋಡುತ್ತಿದ್ದದ್ದು ಇದೇ ಔಷಧಿಗೆ ಕಡಿವಾಣ ಹಾಕುವ ಟಿಪಿಎಂಟಿ ಅನ್ನುವ ಬೇರೆ ಜೀನನ್ನು. ಯುರೋಪ್ ಮೂಲದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಅದರಲ್ಲಿ ವ್ಯತ್ಯಾಸ ಇರುತ್ತದೆ. ಎನ್‌ಯುಡಿಟಿ15 ಮತ್ತು ಈ ಔಷಧಿಯ ನಂಟು ಬೆಳಕಿಗೆ ಬಂದದ್ದು 2014ರಲ್ಲಿ, ಕೊರಿಯಾದಲ್ಲಿ, ಕರುಳಿನ ಕಾಯಿಲೆಯವರಲ್ಲಿ. ನಮ್ಮವರಲ್ಲಿ ಟಿಪಿಎಂಟಿಗಿಂತ ಇದರ ಕಾಟವೇ ಹೆಚ್ಚು. ಬೇರೆಯವರ ಮೈಗೆ ಅಳೆದು ಹೊಲಿದ ಅಂಗಿಯನ್ನು ನಮ್ಮ ಮಕ್ಕಳಿಗೆ ತೊಡಿಸುತ್ತಾ ಬಂದಿದ್ದೆವು, ಅಲ್ವಾ?

ಹುಡುಗನಿಗೆ ಜೀನಿನ ಎರಡೂ ಪ್ರತಿಗಳಲ್ಲಿ ಬದಲಾವಣೆ ಇತ್ತು. ದಿನಾ ಒಂದು, 50 ಮಿಲಿಗ್ರಾಂ ಮಾತ್ರೆ ನುಂಗುತ್ತಿದ್ದವನಿಗೆ ಕಾಲು ಮಾತ್ರೆ, ಅದೂ ದಿನ ಬಿಟ್ಟು ದಿನ ಅಂತ ಬರೆದೆ. ಅಮ್ಮ ಚೀಟಿ ಹಿಡಿದು ಸುಮ್ನೆ ನಿಂತುಬಿಟ್ಟರು. “ಇಷ್ಟು ಕಡಿಮೆ ಕೊಟ್ರೆ ಕಾಯಿಲೆ ವಾಪಸ್ ಬರಲ್ವಾ ಸಾರ್?”

ಅವರ ಭಯ ನ್ಯಾಯವಾದದ್ದೇ. ಆದರೆ ಲೆಕ್ಕ ಹಾಕಬೇಕಾದದ್ದು ನುಂಗಿದ್ದನ್ನಲ್ಲ, ಕಣದೊಳಗೆ ಉಳಿದದ್ದನ್ನು. ಅವನ ಕಾಲು ಮಾತ್ರೆ ಇನ್ನೊಬ್ಬನ ಪೂರ್ತಿ ಮಾತ್ರೆಯ ಕೆಲಸ ಮಾಡುತ್ತದೆ. ಅಪಾಯ ಇರುವುದು ಜಾಸ್ತಿ ಕೊಟ್ಟು, ಕೌಂಟ್ ಕೆಡವಿ, ವಾರಗಟ್ಟಲೆ ನಿಲ್ಲಿಸುವುದರಲ್ಲಿ. ಸೋಂಕು ಪ್ರಾಣಕ್ಕೇ ಬರಬಹುದು. ಮಾತ್ರೆ ತಪ್ಪುವುದೂ ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಬಾಟಲಿ ಮುಚ್ಚಳಕ್ಕೆ ಎಲೆಕ್ಟ್ರಾನಿಕ್ ಸಾಧನ ಕೂರಿಸಿ ನೋಡಿದ್ದಾರೆ. ನೂರರಲ್ಲಿ 95ಕ್ಕಿಂತ ಕಡಿಮೆ ಡೋಸ್ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ 2.7 ಪಟ್ಟು ಇತ್ತು. ಹಾಗಾಗಿ ಡೋಸನ್ನು ಮನೆಯಲ್ಲೇ ಏರಿಸಿ ಇಳಿಸಬೇಡಿ, ವಾರದ ರಕ್ತ ಪರೀಕ್ಷೆ ನೋಡಿ ನಾವು ಹೇಳುತ್ತೇವೆ.

ಮಾತ್ರೆ ಕತ್ತರಿಸಲು ಅವರಿಗೆ ಒಂದು ಪುಟ್ಟ ಕಟರ್ ಕೊಟ್ಟೆವು. ಅದು ಈ ಕೆಲಸಕ್ಕೆ ಮಾತ್ರ. ಕೈಗೆ ಗ್ಲೌಸ್, ಕೆಳಗೆ ಕಾಗದ, ಪುಡಿ ಗಾಳಿಗೆ ಹಾರಬಾರದು. ಗರ್ಭಿಣಿಯರು ಇದನ್ನು ಮುಟ್ಟಲೇಬಾರದು.

ಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ಟಿಪಿಎಂಟಿ ಜೀನಿನಿಂದ ತಯಾರಾಗುವ ಕಿಣ್ವವನ್ನು (ಎನ್‌ಜೈಮ್) ರಕ್ತದಲ್ಲಿ ಅಳೆಯುವ ಪರೀಕ್ಷೆಗಿಂತ ಜೀನ್ ಪರೀಕ್ಷೆಯೇ ಮೇಲು. ನಮ್ಮ ಮಕ್ಕಳಿಗೆ ಆಗಾಗ ರಕ್ತ ಏರಿಸಿರುತ್ತೇವೆ. ಆಗ ಕಿಣ್ವದ ಪರೀಕ್ಷೆ ದಾನಿಯ ಕೆಂಪು ಕಣಗಳನ್ನೂ ಸೇರಿಸಿ ಅಳೆದುಬಿಡುತ್ತದೆ.

ಆ ದಿನ ಅಜ್ಜಿಯೂ ಬಂದಿದ್ದರು. ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಕಾಯಿಲೆ ಯಾರ ಕಡೆಯದೂ ಅಲ್ಲ ಅಜ್ಜಿ, ಆದರೆ ಔಷಧಿಯನ್ನು ತಾಳಿಕೊಳ್ಳದ ಈ ಗುಣ ಇದೆಯಲ್ಲ, ಅದು ಎರಡೂ ಕಡೆಯಿಂದ ಬಂದಿದೆ ಅಂದೆ. ಎರಡೂ ಪ್ರತಿ ಬದಲಾಗಿದೆ ಅಂದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಇದೇ ಜಾತಿಯ ಅಜಾಥಿಯೋಪ್ರಿನ್ ಮಾತ್ರೆಯನ್ನು ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ಮೈಮೇಲೇ ತಿರುಗಿಬೀಳುವ ಕಾಯಿಲೆ), ಕರುಳಿನ ಉರಿಯೂತ ಇದ್ದವರಿಗೂ ಕೊಡುತ್ತಾರೆ, ಮನೆಯಲ್ಲಿ ಯಾರಿಗಾದರೂ ಬರೆದಿದ್ದರೆ ಅವರ ಡಾಕ್ಟರಿಗೆ ಇದನ್ನು ತೋರಿಸಿ ಅಂದೆ.

ಹುಡುಗನ ಅಪ್ಪ ತಲೆ ಎತ್ತಿದರು. ಅವರ ತಂಗಿಗೆ ಲೂಪಸ್ ಇತ್ತು. ಯಾವ ಮಾತ್ರೆ ಅಂತ ಗೊತ್ತಿರಲಿಲ್ಲ. ರಿಪೋರ್ಟನ್ನು ಮೇಜಿನ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೋ ತೆಗೆದು, ಅಲ್ಲೇ ನಿಂತು ವಾಟ್ಸ್ಆ್ಯಪ್‌ನಲ್ಲಿ ತಂಗಿಗೆ ಕಳಿಸಿದರು.