‘ಬ್ರೋಚೇವಾರೆವರುರಾ’ ತ್ಯಾಗರಾಜರದ್ದಲ್ವಾ?

ಪ್ರಶ್ನೆ: ‘ಬ್ರೋಚೇವಾರೆವರುರಾ’ ತ್ಯಾಗರಾಜರ ಕೃತಿ ಅಂತಲೇ ತಿಳಿದಿದ್ದೆ. ಮೈಸೂರು ವಾಸುದೇವಾಚಾರ್ಯರದ್ದು ಅಂತ ಕಛೇರಿಯೊಂದರಲ್ಲಿ ಹೇಳಿದರು. ಯಾವುದು ಸರಿ?

ಉತ್ತರ: ವಾಸುದೇವಾಚಾರ್ಯರದ್ದೇ, ಅನುಮಾನ ಬೇಡ. ತ್ಯಾಗರಾಜರು ತೀರಿಕೊಂಡಿದ್ದು 1847ರಲ್ಲಿ. ಆಚಾರ್ಯರು ಹುಟ್ಟಿದ್ದು 1865ರಲ್ಲಿ. ಆದರೆ ಈ ಗೊಂದಲ ನಿಮಗೊಬ್ಬರಿಗೇ ಅಲ್ಲ, ಅದು ಸುಮ್ನೆ ಹುಟ್ಟಿದ್ದೂ ಅಲ್ಲ.

ಸಾಹಿತ್ಯವನ್ನೇ ನೋಡಿ. ಭಾಷೆ ತೆಲುಗು, ಮೊರೆ ರಾಮನಿಗೆ. ಪಲ್ಲವಿಯಲ್ಲೇ ‘ನಿನು ವಿನಾ ರಘುವರಾ’ ಅಂತ ಬರುತ್ತದೆ. ಚರಣ ‘ಸೀತಾಪತೇ’ ಅಂತ ಶುರುವಾಗುತ್ತದೆ. ಇದೇ ಖಮಾಚ್ ರಾಗದಲ್ಲಿ ತ್ಯಾಗರಾಜರ ‘ಸೀತಾಪತೇ ನಾ ಮನಸುನ’ ಕೂಡ ಇದೆ! ಕಿವಿ ಮೋಸಹೋಗದೆ ಇನ್ನೇನು?

ಕೃತಿ ಯಾರದ್ದು ಅಂತ ಹೇಳಬೇಕಾದ್ದು ಅಂಕಿತ. ಅದು ಇಲ್ಲಿದೆ, ಆದರೆ ಕಣ್ಣಿಗೆ ಬೀಳೋದಿಲ್ಲ. ಚರಣದಲ್ಲಿ ಕರಿರಾಜನನ್ನು, ಅಂದರೆ ಗಜೇಂದ್ರನನ್ನು, ಕಾಪಾಡಿದ ‘ವಾಸುದೇವುಡವು’ ನೀನೇ ಅಲ್ಲವೇ ಎಂದು ಕೇಳುತ್ತಾರೆ. ಆಚಾರ್ಯರ ಅಂಕಿತವೇ ‘ವಾಸುದೇವ’. ದೇವರ ಹೆಸರೂ ಅದೇ, ತಮ್ಮ ಹೆಸರೂ ಅದೇ. ಕೇಳುವವರು ದೇವರ ಹೆಸರು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ನನಗಂತೂ ಈ ಸಾಲು ಬಂದಾಗಲೆಲ್ಲ ಆಚಾರ್ಯರ ಜಾಣತನಕ್ಕೆ ನಗು ಬರುತ್ತದೆ.

ಹಾಗಂತ ತ್ಯಾಗರಾಜರ ನೆರಳು ಇದರಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಮೈಸೂರಿನಲ್ಲಿ ವೀಣೆ ಪದ್ಮನಾಭಯ್ಯನವರ ಹತ್ತಿರ ಕಲಿತಿದ್ದ ಹುಡುಗ ವಾಸುದೇವಾಚಾರ್ಯರನ್ನು ಚಾಮರಾಜ ಒಡೆಯರು ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿಗೆ ಕಳಿಸಿದರು. ತ್ಯಾಗರಾಜರು ಬಾಳಿದ ಊರು ಅದು. ಪಟ್ಣಂ ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ತ್ಯಾಗರಾಜರ ನೇರ ಶಿಷ್ಯರು. ಅಂದರೆ ನಮ್ಮ ಆಚಾರ್ಯರು ಅದೇ ಪರಂಪರೆಯ ಮೂರನೇ ತಲೆಮಾರು. ಹಾಡಿನ ಚುರುಕು ಮಾತ್ರ ಪಟ್ಣಂ ಅವರಿಂದ ಬಂದದ್ದು ಅನ್ನಿಸುತ್ತದೆ. ಕದನಕುತೂಹಲ ರಾಗದ ‘ರಘುವಂಶ ಸುಧಾ’ ಪಟ್ಣಂ ಅವರದ್ದೇ. ಅದನ್ನು ಕೇಳಿ, ಕೂಡಲೇ ‘ಬ್ರೋಚೇವಾರೆವರುರಾ’ದ ಚಿಟ್ಟೆಸ್ವರ, ಅಂದರೆ ಮಾತಿಲ್ಲದೆ ಸ್ವರಗಳನ್ನೇ ಹಾಡುವ ಮೊದಲೇ ಕಟ್ಟಿಟ್ಟ ಭಾಗ, ಕೇಳಿ. ಹೋಲಿಕೆ ನಿಮಗೇ ತಿಳಿಯುತ್ತದೆ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ಮೈಸೂರಿನವರಾಗಿ ಕನ್ನಡದಲ್ಲಿ ಯಾಕೆ ಬರೆಯಲಿಲ್ಲ? ಗುರುಕುಲದಲ್ಲಿ ಬಾಯಿಗೆ ಕೂತ ಕೃತಿಗಳೆಲ್ಲ ಜಾಸ್ತಿ ತೆಲುಗಿನವು. ಇನ್ನು ಸಂಸ್ಕೃತವನ್ನು ಅವರು ಶಾಸ್ತ್ರೋಕ್ತವಾಗಿ ಓದಿದ್ದರು. ಹಿಂದೋಳ ರಾಗದ ‘ಮಾಮವತು ಶ್ರೀ ಸರಸ್ವತಿ’, ಗೌಳ ರಾಗದ ‘ಪ್ರಣಮಾಮ್ಯಹಂ’ ಆ ಓದಿನ ಫಲ. ಕನ್ನಡವನ್ನು ಅವರು ಗದ್ಯಕ್ಕೆ ಇಟ್ಟುಕೊಂಡರು. ತಾವು ಕಂಡ ಸಂಗೀತಗಾರರ ಬಗ್ಗೆ ‘ನಾ ಕಂಡ ಕಲಾವಿದರು’ ಬರೆದರು. ಪಟ್ಣಂ ಅವರ ಬಗ್ಗೆ ತಿಳಿಯಬೇಕಿದ್ದರೆ ಅಲ್ಲಿಂದ ಶುರುಮಾಡಿ.