ಹತ್ತು ರೂಪಾಯಿ ಫಂಡು ಅಗ್ಗ ಅಲ್ಲ

“ಸರ್, ಹೊಸ ಮ್ಯೂಚುವಲ್ ಫಂಡ್ ಬಂದಿದೆಯಂತೆ. ಯೂನಿಟ್‌ಗೆ ಬರೀ 10 ರೂಪಾಯಿ. ನೀವು ಹೇಳಿದ ಫಂಡು 500 ಇದೆ. ಅಷ್ಟು ದುಬಾರಿ ಯಾಕೆ ತಗೋಬೇಕು?”

ಹೂಡಿಕೆ ಸಲಹೆಯ ಕೆಲಸದಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಷ್ಟು ಬೇರೆ ಯಾವುದನ್ನೂ ಕೇಳಿಸಿಕೊಂಡಿಲ್ಲ. ಕೇಳಿದವರಲ್ಲಿ ಗಣಿತದ ಮೇಷ್ಟ್ರೂ ಒಬ್ಬರಿದ್ದರು.

ಈ 10, 500 ಎಂಬುದು ಒಂದು ಯೂನಿಟ್‌ನ (ಫಂಡಿನ ಒಂದು ಪಾಲಿನ) ಮೌಲ್ಯ, ನೆಟ್ ಅಸೆಟ್ ವ್ಯಾಲ್ಯೂ ಅರ್ಥಾತ್ ಎನ್‌ಎವಿ. ಫಂಡಿನ ಹತ್ತಿರ ಇರುವ ಷೇರು, ಬಾಂಡು, ನಗದು ಎಲ್ಲದರ ಇವತ್ತಿನ ಬೆಲೆ ಕೂಡಿಸಿ, ಖರ್ಚು ಮತ್ತು ಕೊಡಬೇಕಾದ ಬಾಕಿ ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಇದು ಸಿಗುತ್ತದೆ. ಅಂದರೆ ಇದು ಭಾಗಾಕಾರದ ಉತ್ತರ, ಸಂತೆಯ ರೇಟಲ್ಲ. ಜನ ಮುಗಿಬಿದ್ದು ಕೊಂಡರು ಅಂತ ಎನ್‌ಎವಿ ಏರುವುದಿಲ್ಲ.

ನಿಮ್ಮ ಹತ್ತಿರ 1 ಲಕ್ಷ ಇದೆ ಅನ್ನಿ. 10 ರೂಪಾಯಿ ಫಂಡಿನಲ್ಲಿ 10,000 ಯೂನಿಟ್ ಬರುತ್ತವೆ, 500ರ ಫಂಡಿನಲ್ಲಿ 200. ಎರಡೂ ಫಂಡಿನ ಷೇರುಗಳು ಶೇ 10 ಏರಿದವು. ಒಂದು 11 ಆಯಿತು, ಇನ್ನೊಂದು 550. ಎರಡರಲ್ಲೂ ನಿಮ್ಮ ಹಣ 1,10,000. ಐನೂರರ ಒಂದು ನೋಟು ಕೊಟ್ಟರೂ ಹತ್ತರ ಐವತ್ತು ನೋಟು ಕೊಟ್ಟರೂ ಅಂಗಡಿಯವನು ಅಷ್ಟೇ ಅಕ್ಕಿ ಅಳೆಯುತ್ತಾನೆ, ಅಲ್ವಾ? ಇನ್ನು ಹೊಸ ಫಂಡು ಹೇಗೆ ನಡೆದಿದೆ ಅಂತ ನೋಡೋಣವೆಂದರೆ ಹಳೆಯ ದಾಖಲೆಯೇ ಇರುವುದಿಲ್ಲ.

ಇದೇ ಭ್ರಮೆ ಇನ್ನೊಂದು ಕಡೆ ಜಾಸ್ತಿ ಪೆಟ್ಟು ಕೊಡುತ್ತದೆ. 2013ರ ಜನವರಿಯಿಂದ ಎಲ್ಲ ಫಂಡುಗಳಿಗೂ ಡೈರೆಕ್ಟ್ ಪ್ಲಾನ್ ಬಂತು. ಫಂಡು ಅದೇ, ಷೇರುಗಳೂ ಅವೇ, ರೆಗ್ಯುಲರ್ ಪ್ಲಾನ್‌ನಲ್ಲಿರುವ ಏಜೆಂಟರ ಕಮಿಷನ್ ಮಾತ್ರ ಇಲ್ಲ. ಖರ್ಚು ಕಡಿಮೆ, ಹಾಗಾಗಿ ಅದರ ಎನ್‌ಎವಿ ರೆಗ್ಯುಲರ್‌ಗಿಂತ ಮೇಲಿರುತ್ತದೆ. ಒಬ್ಬರು ಎರಡನ್ನೂ ಹೋಲಿಸಿ, “ರೆಗ್ಯುಲರ್ ಕಡಿಮೆಗೆ ಸಿಕ್ತು” ಅಂತ ಖುಷಿಯಿಂದ ತಂದು ತೋರಿಸಿದರು. ಅದು ಕಡಿಮೆ ಇದ್ದದ್ದು ದಿನಾ ಸ್ವಲ್ಪ ಜಾಸ್ತಿ ಕತ್ತರಿಸುತ್ತಿದ್ದದ್ದಕ್ಕೆ! ಈ ಖರ್ಚಿಗೆ ಬಿಲ್ ಬರುವುದಿಲ್ಲ, ಎನ್‌ಎವಿಯೊಳಗೇ ಕಳೆದುಹೋಗಿರುತ್ತದೆ. 10 ಲಕ್ಷ 20 ವರ್ಷ ಶೇ 12ರಂತೆ ಬೆಳೆದರೆ ಸುಮಾರು 96 ಲಕ್ಷ. ಖರ್ಚಿಗೆ ಶೇ 1 ಹೋಗಿ ಶೇ 11 ಆದರೆ 80 ಲಕ್ಷ ಚಿಲ್ಲರೆ. ನಾನೂ ಒಂದು ಕಾಲದಲ್ಲಿ ಕಮಿಷನ್ ತಗೊಂಡವನೇ, ಅದಕ್ಕೇ ಈ ಲೆಕ್ಕ ಬಾಯಿಪಾಠ. ಮಾರ್ಕೆಟ್ ಬಿದ್ದಾಗ ಗಾಬರಿಯಿಂದ ಮಾರದಂತೆ ತಡೆಯುವ ಏಜೆಂಟ್ ಸಿಕ್ಕಿದ್ದರೆ ಆ ಶೇ 1 ದಂಡವಲ್ಲ. ಸುಮ್ನೆ ಫಾರ್ಮ್ ತುಂಬಿ ಮಾಯವಾದವರಿಗೆ ಯಾಕೆ ಕೊಡಬೇಕು?

ನಿವೃತ್ತ ಶಿಕ್ಷಕಿಯೊಬ್ಬರ ಕಥೆ ಬೇರೆ. ಅವರಿಗೆ ಫಂಡಿನಿಂದ ಡಿವಿಡೆಂಡ್ ಬರುತ್ತಿತ್ತು. ಬಡ್ಡಿ ಬರ್ತಿದೆ, ಅಸಲು ಭದ್ರವಾಗಿದೆ ಅಂತ ನಂಬಿದ್ದರು. 50 ರೂಪಾಯಿ ಎನ್‌ಎವಿಯಿಂದ 5 ರೂಪಾಯಿ ಡಿವಿಡೆಂಡ್ ಕೊಟ್ಟರೆ ಎನ್‌ಎವಿ 45ಕ್ಕೆ ಇಳಿಯುತ್ತದೆ. ಅವರ ಎಡಗೈಯಿಂದ ಬಲಗೈಗೆ ದುಡ್ಡು ಹೋಗಿತ್ತು, ಅಷ್ಟೇ. ಈ ಗೊಂದಲ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಗೂ ಗೊತ್ತಿತ್ತು. 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಎಂಬ ಹೆಸರನ್ನೇ ತೆಗೆಸಿ ಐಡಿಸಿಡಬ್ಲ್ಯೂ (ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್) ಅಂತ ಮಾಡಿತು. ನಿಮ್ಮ ಬಂಡವಾಳವೂ ಇದರಲ್ಲಿ ವಾಪಸ್ ಬರಬಹುದು ಎಂಬುದು ಆ ಹೆಸರಲ್ಲೇ ಇದೆ. ಹೆಸರು ಬದಲಾದದ್ದು ಒಳ್ಳೆಯದೇ, ಆದರೆ ಈ ನಾಲಿಗೆ ತಿರುಗದ ಅಕ್ಷರಗಳಿಂದ ಯಾರಿಗೆ ಏನು ಅರ್ಥವಾಗಬೇಕು? ಮೇಲಾಗಿ ಹೀಗೆ ಬಂದ ಹಣ ಪೂರ್ತಿ ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬಿನ ಪ್ರಕಾರ ತೆರಿಗೆ ಬೀಳುತ್ತದೆ.

ತಿಂಗಳ ಖರ್ಚಿಗೆ ಹಣ ಬೇಕಿದ್ದರೆ ಲಾಭ ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆಯಲ್ಲಿಟ್ಟು, ತಿಂಗಳು ತಿಂಗಳು ಬೇಕಾದಷ್ಟೇ ಯೂನಿಟ್ ಮಾರುವ ಸಿಸ್ಟಮ್ಯಾಟಿಕ್ ವಿತ್‌ಡ್ರಾವಲ್ ಪ್ಲಾನ್, ಅಂದರೆ ಎಸ್‌ಡಬ್ಲ್ಯೂಪಿ ಹಾಕಿಸಿಕೊಳ್ಳಬಹುದು. ಆಗ ಲಾಭದ ಭಾಗಕ್ಕೆ ಮಾತ್ರ ತೆರಿಗೆ. ಆದರೆ ಇದನ್ನು ಓದಿ ಇವತ್ತೇ ಬದಲಾಯಿಸಲು ಓಡಬೇಡಿ. ಒಂದೇ ಫಂಡಿನೊಳಗೆ ಆಯ್ಕೆ ಬದಲಿಸಿದರೂ, ಡೈರೆಕ್ಟ್‌ಗೆ ಹೋದರೂ, ಕಾನೂನಿನ ಲೆಕ್ಕದಲ್ಲಿ ಅದು ಮಾರಾಟವೇ. ತೆರಿಗೆ ಎಷ್ಟು, ಬೇಗ ಹೊರಬಂದರೆ ಫಂಡು ಹಿಡಿಯುವ ಎಕ್ಸಿಟ್ ಲೋಡ್ ಎಂಬ ಶುಲ್ಕ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಆ ಶಿಕ್ಷಕಿಗೆ ನಾವು ಎರಡು ಹಣಕಾಸು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಬದಲಾಯಿಸಿಕೊಟ್ಟೆವು.